ಮಿಲಿಗ್ರಾಂ ಊರು ತೂಗಿದ್ದು

ಹಿಂದೆ ರಾಜರಿಗೆ ಹೊಸ ನಾಡು ಬೇಕೆನಿಸಿದರೆ ಆನೆ, ಕುದುರೆ, ಕಾಲಾಳು ಕಟ್ಟಿಕೊಂಡು ಹೊರಡುತ್ತಿದ್ದರಂತೆ. ನಮ್ಮ ಮಾರುಕಟ್ಟೆ ಬೀದಿಯ ಮಿಲಿಗ್ರಾಂ ಅದೇ ಕೆಲಸಕ್ಕೆ ಎರಡು ಥರ್ಮಾಮೀಟರ್ ಕೊಂಡ. ರಾಜರ ದಂಡಯಾತ್ರೆ ನಾಲ್ಕಾರು ತಿಂಗಳಲ್ಲಿ ಮುಗಿಯುತ್ತಿತ್ತು. ಇವನದು ಎರಡು ವರ್ಷ ನಡೆಯಿತು, ಅದೂ ಅಂಗಡಿಯ ಸ್ಟೂಲು ಬಿಟ್ಟು ಏಳದೆ.

ಮಿಲಿಗ್ರಾಂ ಎಂಬುದು ಬೀದಿಯವರು ಕೊಟ್ಟ ಬಿರುದು. ಅವನ ಕಸುಬು ತಕ್ಕಡಿ ರಿಪೇರಿ. ಕಿರಾಣಿಯವನ ಎಲೆಕ್ಟ್ರಾನಿಕ್ ಯಂತ್ರ, ಗುಜರಿಯವನ ಕಬ್ಬಿಣದ ತಕ್ಕಡಿ, ಬಂಗಾರದ ಅಂಗಡಿಯ ಗಾಜಿನ ಪೆಟ್ಟಿಗೆಯೊಳಗಿನ ನಾಜೂಕು ತಕ್ಕಡಿ, ಎಲ್ಲವೂ ಅವನ ಮುಂದೆ ಬಂದು ತಲೆಬಾಗಬೇಕು. ಒಂದು ಕಿಲೋದ ಕಲ್ಲನ್ನು ತಟ್ಟೆಯ ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ನಾಲ್ಕು ಸಲ ಇಟ್ಟು, ಐದೂ ಅಂಕಿಗಳನ್ನು ಬರೆದುಕೊಂಡು, ಸರಾಸರಿ ತೆಗೆದು, ಆಮೇಲೆ ತಲೆ ಎತ್ತಿ ಗಿರಾಕಿಯ ಮುಖ ನೋಡುತ್ತಿದ್ದ. ಒಂದೇ ಅಳತೆ ಅಳತೆಯೇ ಅಲ್ಲ ಎಂಬುದು ಅವನ ಪಾಲಿಗೆ ವೇದವಾಕ್ಯ. ಮದುವೆಗೆ ಮುಂಚೆ ಹೆಂಡತಿಯ ಮನೆಗೂ ಐದು ಸಲ ಹೋಗಿದ್ದ. ಐದನೆಯ ಸಲ ಅವಳೇ ಬಾಗಿಲಿಗೆ ಬಂದು, ಇದು ಕೊನೆ, ಆರನೆಯ ಸಲ ಬಾಗಿಲು ತೆಗೆಯುವುದಿಲ್ಲ ಎಂದಿದ್ದರಿಂದ ಸಂಸಾರ ಶುರುವಾಯಿತು.

ನಮ್ಮದು ತೇವದ ಊರು. ವರ್ಷದಲ್ಲಿ ಏಳು ತಿಂಗಳು ಬಟ್ಟೆ ಒಣಗುವುದಿಲ್ಲ. ಉಪ್ಪು ಡಬ್ಬಿಯಲ್ಲೇ ನೀರಾಗುತ್ತದೆ. ಬೀರುವಿನ ಹಿಂದಿನ ಗೋಡೆಗೆ ಹಸಿರು ಗಡ್ಡ ಬೆಳೆಯುತ್ತದೆ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ ಮಿಲಿಗ್ರಾಂನ ಹೆಂಡತಿಗೆ ಈ ತೇವ ಎದೆಗೇ ಇಳಿದಿತ್ತು. ಉಸಿರೆಳೆದರೆ ಸಿಳ್ಳೆ ಕೇಳುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಬೆನ್ನಿಗೆ ಮೂರು ದಿಂಬು ಕೊಟ್ಟು, ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಡಾಕ್ಟರು, ಔಷಧಿಯನ್ನೇನೋ ಬರೆಯುತ್ತಾ ಹೋಗಬಹುದು, ಆದರೆ ಒಣ ಹವೆಯ ಊರಿಗೆ ಹೋದರೆ ಉಸಿರಾಟ ಹಗುರಾಗುತ್ತದೆ ಎಂದರು. ಅಂಥ ಊರು ಬೆಟ್ಟಸಾಲಿನ ಆಚೆ, ಹನ್ನೆರಡು ತಾಸು ಬಸ್ಸಿನ ದೂರದಲ್ಲೇ ಇತ್ತು. ಅವಳ ತಮ್ಮ ಅಲ್ಲೇ ಕೆಲಸದಲ್ಲಿದ್ದ.

ಬೇರೆಯವರಾಗಿದ್ದರೆ ಬಸ್ಸಿನ ಟಿಕೆಟ್ ತೆಗೆಸುತ್ತಿದ್ದರು. ಮಿಲಿಗ್ರಾಂ ಊರನ್ನೇ ತಟ್ಟೆಗೇರಿಸಿದ. ಮೊಬೈಲು ತೋರಿಸುವ ಹವೆಯನ್ನು ಅವನು ನಂಬಲಿಲ್ಲ, ಅದು ಇಡೀ ಊರಿಗೆ ಒಂದೇ ಅಂಕಿ ಹೇಳುತ್ತದೆಂಬ ತಕರಾರು. ಒಂದು ಥರ್ಮಾಮೀಟರನ್ನು ಭಾವಮೈದನಿಗೂ ಇನ್ನೊಂದನ್ನು ಅಲ್ಲಿನ ಒಬ್ಬ ಮನೆ ದಲ್ಲಾಳಿಗೂ ಪಾರ್ಸಲ್ ಮಾಡಿ, ಪ್ರತಿ ಭಾನುವಾರ ಮಧ್ಯಾಹ್ನದ ಶಾಖ, ತರಕಾರಿ ಬೆಲೆ, ಬಾಡಿಗೆ ವರದಿ ಮಾಡಬೇಕೆಂದು ಅಪ್ಪಣೆ ಕೊಡಿಸಿದ.

ಗುಪ್ತಚರರ ಆಯ್ಕೆ ಅಮೋಘವಾಗಿತ್ತು. ಭಾವಮೈದನದು ಎರಡು ಕೋಣೆಯ ಮನೆ. ಅಕ್ಕ, ಭಾವ ಬಂದರೆ ಮೊದಲ ಆರು ತಿಂಗಳು ಆ ಎರಡರಲ್ಲಿ ಒಂದು ಅವರಿಗೆ ಹೋಗುತ್ತದೆಂಬ ಹೆದರಿಕೆ ಅವನಿಗೆ. ದಲ್ಲಾಳಿಗೋ ಇವರು ಬಂದರೆ ಕಮಿಷನ್.

“ನಲವತ್ತಾರು ಭಾವ,” ಎನ್ನುತ್ತಿದ್ದ ಭಾವಮೈದ. “ಕಾಗೆಗಳೆಲ್ಲ ಹಾರೋದು ಬಿಟ್ಟು ನೆರಳಲ್ಲಿ ನಡ್ಕೊಂಡು ಹೋಗ್ತಿವೆ.”

“ಇಪ್ಪತ್ತೆರಡು ಸಾರ್,” ಎನ್ನುತ್ತಿದ್ದ ದಲ್ಲಾಳಿ. “ಬರೋವಾಗ ಸ್ವೆಟರ್ ಮರೀಬೇಡಿ.”

ಮಿಲಿಗ್ರಾಂ ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಮೂವತ್ತನಾಲ್ಕು. ನಮ್ಮ ಊರಿನಲ್ಲೂ ಅಂದು ಮೂವತ್ತನಾಲ್ಕು. ಟೊಮೆಟೊ ಕೊಳ್ಳಲು ಜನ ಬ್ಯಾಂಕಿನಲ್ಲಿ ಸಾಲ ಎತ್ತುತ್ತಿದ್ದಾರೆಂದು ಒಬ್ಬ ಹೇಳಿದರೆ, ಸಂಜೆಯಾದರೆ ಟೊಮೆಟೊವನ್ನು ಬೀದಿಗೆ ಸುರಿದು ಹೋಗುತ್ತಾರೆಂದು ಇನ್ನೊಬ್ಬ. ಸರಾಸರಿ ತೆಗೆದರೆ ಮತ್ತೆ ನಮ್ಮ ಊರಿನ ಬೆಲೆಯೇ. ಬಾಡಿಗೆಯೂ ಹಾಗೆಯೇ. ಎರಡು ಊರಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವೆಂದು ವಾರವಾರವೂ ಸಾಬೀತಾಗುತ್ತಿತ್ತು. ವ್ಯತ್ಯಾಸವಿಲ್ಲವೆಂದ ಮೇಲೆ ಹೋಗುವುದೇಕೆ? ಆದರೂ ನೋಡೋಣ, ಇನ್ನೊಂದು ತಿಂಗಳು ಎಂದು ಅವನು ಹೊಸ ಹಾಳೆ ತಿರುವುತ್ತಿದ್ದ.

ಹೆಂಡತಿ ಹೊಲಿಗೆ ಯಂತ್ರದ ಹಿಂದಿನಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೆ ಮಾತ್ರ ಬಾಯಿ ಬಿಟ್ಟಳು.

“ರೀ, ನನ್ನ ತಮ್ಮ ಸ್ಕೂಲಿಗೆ ಚಕ್ಕರ್ ಹೊಡಿಯೋಕೆ ಜ್ವರದ ಥರ್ಮಾಮೀಟರ್‌ನ ಬಿಸಿನೀರಲ್ಲಿ ಅದ್ದುತಿದ್ದೋನು. ಅವನ ಕೈಗೆ ಇನ್ನೊಂದು ಕೊಟ್ಟಿದೀರಲ್ಲ.”

“ಅದಕ್ಕೇ ಇಬ್ಬರನ್ನ ಇಟ್ಟಿರೋದು,” ಎಂದ ಮಿಲಿಗ್ರಾಂ, ಬಹಳ ಜಾಣತನದಿಂದ.

ಮೂರನೆಯ ಮಳೆಗಾಲ ಹಿಡಿಯಿತು. ಚೌಕಾಸಿಯಲ್ಲಿ ಅವಳು ಬೀದಿಗೇ ಹೆಸರುವಾಸಿ. ಅವಳು ತಿರುವಿನಲ್ಲಿ ಕಾಣಿಸಿದರೆ ಸಾಕು, ವ್ಯಾಪಾರಿಗಳು ಬೆಲೆಯನ್ನು ಮೊದಲೇ ಒಂದು ಮೆಟ್ಟಿಲು ಏರಿಸಿ ಕೂರುತ್ತಿದ್ದರು. ಒಂದು ಬೆಳಿಗ್ಗೆ ಸಮವಸ್ತ್ರದ ಗುಂಡಿ ಕೊಳ್ಳಲು ಹೋದವಳು, “ಇದಕ್ಕೆ ಇಷ್ಟು...” ಎಂದು ಶುರು ಮಾಡಿ, ಉಸಿರು ಸಾಲದೆ ನಿಂತು, ಕೈಯಲ್ಲಿದ್ದ ನೋಟು ಇಟ್ಟು ಚಿಲ್ಲರೆಯನ್ನೂ ಕೇಳದೆ ಹೊರಟುಬಿಟ್ಟಳು. ಗುಂಡಿ ಅಂಗಡಿಯವನು ಗಲ್ಲಾಪೆಟ್ಟಿಗೆ ಬಿಟ್ಟು ಮಿಲಿಗ್ರಾಂನ ಬಳಿಗೆ ಓಡಿ ಬಂದ.

“ಅಕ್ಕ ನಾನು ಹೇಳಿದ ಬೆಲೆಯನ್ನೇ ಕೊಟ್ಟು ಹೋದ್ರು,” ಎಂದು ಚಿಲ್ಲರೆಯನ್ನು ಅವನ ಮುಂದಿಟ್ಟ. “ಇಪ್ಪತ್ತು ವರ್ಷದಲ್ಲಿ ಹೀಗಾಗಿಲ್ಲ. ನನಗೇ ಭಯ ಆಯ್ತು.”

ಮಿಲಿಗ್ರಾಂ ಚಿಲ್ಲರೆಯನ್ನು ಎರಡು ಸಲ ಎಣಿಸಿದ. ವೀರನು ಎದ್ದು ನಿಂತನು. ನೇರವಾಗಿ ಪೇಟೆಗೆ ನಡೆದು ಮೂರನೆಯ ಥರ್ಮಾಮೀಟರ್ ಕೊಂಡು ತಂದನು. ಎರಡು ಅಂಕಿಯ ಸರಾಸರಿ ದುರ್ಬಲವೆಂದು ಅವನಿಗೆ ಅಂದು ಜ್ಞಾನೋದಯವಾಗಿತ್ತು.

ಹೆಂಡತಿ ಅದನ್ನು ಅವನ ಕೈಯಿಂದ ತೆಗೆದುಕೊಂಡಳು.

“ಪಾರ್ಸಲ್ ಖರ್ಚು ಯಾಕೆ,” ಎಂದಳು, ನಡುವೆ ಎರಡು ಸಲ ನಿಂತು. “ನಾನೇ ತಗೊಂಡು ಹೋಗ್ತೀನಿ.”

ಮಾರನೆಯ ದಿನದ ಬಸ್ಸಿಗೆ ಹೊರಟೇಬಿಟ್ಟಳು. ಐದನೆಯ ದಿನ ಅವಳಿಂದ ಫೋನು ಬಂತು. ಮಿಲಿಗ್ರಾಂ ಪೆನ್ನು ತೆರೆದು, ಎಷ್ಟಿದೆ ಎಂದು ಕೇಳಿದ.

“ಮೊದಲು ಇದು ಕೇಳಿ. ತಮ್ಮ ನಿಮ್ಮ ಥರ್ಮಾಮೀಟರ್‌ನ ಒಲೆ ಮೇಲೆ ಮೊಳೆ ಹೊಡೆದು ನೇತು ಹಾಕಿದಾನೆ. ದಲ್ಲಾಳಿ ಒದ್ದೆ ಬಟ್ಟೆ ಸುತ್ತಿ ನೀರಿನ ಕೊಡದ ಪಕ್ಕ ಮಲಗಿಸಿದಾನೆ, ಹಸುಗೂಸಿನ ಹಾಗೆ.”

ಎರಡು ವರ್ಷ ಒಂದು ಒಲೆಗೂ ಒಂದು ಕೊಡಕ್ಕೂ ಸರಾಸರಿ ತೆಗೆದ ಮಹಾನುಭಾವ ಹೊಸ ಹಾಳೆ ತಿರುವಿದ. ಆಮೇಲೆ, ಹಾಗಾದರೆ ನಿಜವಾದದ್ದು ಏನು ಎಂದು ಕೇಳಿದ.

“ಬಿಸಿಲು ಜೋರಾಗೇ ಇದೆ. ಬಾಡಿಗೆ ನಮಗಿಂತ ಜಾಸ್ತಿ, ತರಕಾರೀನೂ ಜಾಸ್ತಿ. ನಲ್ಲೀಲಿ ನೀರು ದಿನ ಬಿಟ್ಟು ದಿನ.”

“ಮತ್ತೆ ಯಾವ ಲೆಕ್ಕದಲ್ಲೂ ಗಿಟ್ಟಲ್ಲ ಬಿಡು. ವಾಪಸ್ ಬಾ.”

“ನಾಲ್ಕು ದಿನದಿಂದ ಮಲಗಿ ನಿದ್ದೆ ಮಾಡ್ತಿದೀನಿ ರೀ,” ಎಂದಳು ಅವಳು. “ಕಾಲು ಚಾಚಿ. ಒಂದೇ ದಿಂಬು.”

ಮಿಲಿಗ್ರಾಂ ಇದನ್ನು ಮತ್ತೊಮ್ಮೆ ಹೇಳು ಎನ್ನಲಿಲ್ಲ. ಪೆನ್ನಿಗೆ ಟೋಪಿ ಹಾಕಿ, ಅಂಗಡಿ ಖಾಲಿ ಮಾಡಲು ಗೋಣಿಚೀಲ ಎಲ್ಲಿ ಸಿಗುತ್ತದೆಂದು ಗುಂಡಿ ಅಂಗಡಿಯವನನ್ನು ವಿಚಾರಿಸಿದ.

ಈಗ ಅವರು ಅಲ್ಲಿ, ತರಕಾರಿ ಮಂಡಿಯ ಎದುರು, ತಗಡಿನ ಮಾಡಿನ ಒಂದು ಅಂಗಡಿಯಲ್ಲಿದ್ದಾರೆ. ಹಿಂದೆಯೇ ಒಂದು ಕೋಣೆ. ತನ್ನ ಮನೆ ಉಳಿಯಿತೆಂದು ಖಾತ್ರಿಯಾದ ಮೇಲೆ ಭಾವಮೈದ ಅತ್ಯಂತ ಪ್ರೀತಿಯಿಂದ ಸಾಮಾನು ಹೊತ್ತ. ದಲ್ಲಾಳಿ ಕಮಿಷನ್ ಎಣಿಸಿಕೊಂಡು ಸ್ವೆಟರಿನ ಸುದ್ದಿಯನ್ನೇ ಎತ್ತಲಿಲ್ಲ. ಗಿರಾಕಿಗಳು ಇನ್ನೂ ಮೊದಲಿನ ಅರ್ಧದಷ್ಟೂ ಕುದುರಿಲ್ಲ. ಖರ್ಚು ಒಂದೂವರೆಪಟ್ಟು ಆಗಿದೆ. ಮಿಲಿಗ್ರಾಂ ಬೆವರೊರೆಸಿಕೊಳ್ಳುತ್ತಾ ಸೂರ್ಯನನ್ನು ದಿನಕ್ಕೆ ಹತ್ತು ಸಲ ಬೈಯುತ್ತಾನೆ.

ನಾನು ನೋಡಲು ಹೋದ ದಿನ ಮಧ್ಯಾಹ್ನ ಎರಡು ಗಂಟೆಗೆ ಈರುಳ್ಳಿ ವ್ಯಾಪಾರಿಯೊಬ್ಬ ಕಬ್ಬಿಣದ ತಕ್ಕಡಿಯನ್ನು ಧಡ್ ಎಂದು ಮೆಟ್ಟಿಲ ಮೇಲಿಟ್ಟ. ಅಪರೂಪದ ಗಿರಾಕಿ, ದೊಡ್ಡ ಕೆಲಸ. ಕಲ್ಲಿಟ್ಟು, ಸುತ್ತಿಗೆ ಬಡಿದು ನೋಡಬೇಕಾದದ್ದು. ಮಿಲಿಗ್ರಾಂ ತುಟಿಗೆ ಬೆರಳಿಟ್ಟ.

“ನಾಲ್ಕು ಗಂಟೆ ಮೇಲೆ ಬಾಪ್ಪ. ಒಳಗೆ ನಮ್ಮನೆಯವಳು ಮಲಗಿದಾಳೆ.”

“ಯಾಕೆ, ಹುಷಾರಿಲ್ವಾ?”

“ಹುಷಾರಾಗಿದಾಳೆ,” ಎಂದ ಮಿಲಿಗ್ರಾಂ. “ಅದಕ್ಕೇ ಮಲಗಿದಾಳೆ.”