ನಗುತ್ತಾ ಕೊಟ್ಟ ಚಾಕು

ನಮ್ಮ ಮನೆಯಲ್ಲಿ ಮಚ್ಚನ್ನು ಯಾರೂ ಯಾರ ಕೈಗೂ ಕೊಡುತ್ತಿರಲಿಲ್ಲ. ಬೇಕಾದವರು ಕೇಳಬೇಕು, ಇಟ್ಟುಕೊಂಡವರು ನೆಲದ ಮೇಲಿಡಬೇಕು, ಕೇಳಿದವರು ಬಗ್ಗಿ ಎತ್ತಿಕೊಳ್ಳಬೇಕು. ಕುಡುಗೋಲಿಗೂ ಇದೇ ನಿಯಮ, ಕತ್ತರಿಗೂ ಇದೇ, ಮೆಣಸಿನಕಾಯಿಗೂ ಇದೇ. ಕೈಯಿಂದ ಕೈಗೆ ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಬಿಳಿಗೆರೆ ಪಕ್ಕದ ನಮ್ಮ ತೋಟದ ಮನೆಯಲ್ಲಿ ಕೊಬ್ಬರಿ ಸುಲಿಯುವ ದಿನಗಳು ಬಂದವೆಂದರೆ ಅಂಗಳದ ತುಂಬ ಹೆಂಗಸರು ಕೂತು, ಕರಟ ಒಡೆದು ಒಳಗಿನ ಕೊಬ್ಬರಿ ಗಿಟುಕು ತೆಗೆಯುತ್ತಿದ್ದರು. ಅಷ್ಟೂ ಹೊತ್ತು ಮಚ್ಚುಗಳು ನೆಲಕ್ಕಿಳಿಯುವುದು, ಏಳುವುದು ನಡೆದೇ ಇರುತ್ತಿತ್ತು. ಆದರೂ ಅವ್ವನಿಗೂ ದೊಡ್ಡವ್ವನಿಗೂ ದಿನಕ್ಕೊಂದು ಜಗಳ ತಪ್ಪುತ್ತಿರಲಿಲ್ಲ. ಇದನ್ನು ಎತ್ತಿ ಆಡುವ ಧೈರ್ಯ ನನಗಿರಲಿಲ್ಲ.

ದೊಡ್ಡವ್ವ ಎಂದರೆ ನಮ್ಮ ದೊಡ್ಡಪ್ಪನ ಹೆಂಡತಿ. ನಾನು ನರ್ಸಿಂಗ್ ಓದಲು ಹೊರಟಾಗ ಎಲ್ಲರಿಗಿಂತ ಮೊದಲು ಮೂಗು ಮುರಿದವಳು ಅವಳೇ. “ಕಂಡೋರ ಹೇಲು ಉಚ್ಚೆ ಬಾಚಕ್ಕೆ ಇಷ್ಟೊಂದು ಓದ್ಬೇಕೇನೇ?” ಎಂದು ಸುಲಿಯುವ ಹೆಂಗಸರ ಎದುರಿಗೇ ಕೇಳಿದ್ದಳು. ಮಾತಿಗೆ ಮಾತು ಬಿಡದ ಅವ್ವ ಅವತ್ತು ಬಾಯಿ ತೆರೆಯಲಿಲ್ಲ. ನನ್ನ ಟ್ರಂಕನ್ನು ಮಾತ್ರ ಬಸ್ಸು ನಿಲ್ಲುವ ಕಡೆಯವರೆಗೂ ತಾನೇ ಹೊತ್ತು ತಂದಳು.

ಓದು ಮುಗಿಸಿ ತಿಪಟೂರಿನ ಒಂದು ಸಣ್ಣ ಆಸ್ಪತ್ರೆಗೆ ಸೇರಿದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕೆಲವು ತಿಂಗಳು ವಾರ್ಡಿನಲ್ಲಿ ದೊಡ್ಡವ್ವ ಹೇಳಿದ ಕೆಲಸವನ್ನೇ ಮಾಡಿದೆ, ಸುಳ್ಳೇಕೆ ಹೇಳಲಿ. ಆಮೇಲೊಂದು ದಿನ ಆಪರೇಷನ್ ಥಿಯೇಟರಿಗೆ ಸಹಾಯಕ್ಕೆಂದು ಕರೆದರು. ಕುದಿಸಿ ತೆಗೆದ ಉಪಕರಣಗಳು ಹಸಿರು ಬಟ್ಟೆಯ ಮೇಲೆ ಸಾಲಾಗಿ ಮಲಗಿದ್ದವು. ಅಷ್ಟು ಚೆಂದದ ಸಾಮಾನು ನಾನು ಯಾರ ಮನೆಯಲ್ಲೂ ನೋಡಿರಲಿಲ್ಲ. ಇದ್ದರೆ ಇಲ್ಲೇ ಇರಬೇಕು ಎಂದು ಅವತ್ತೇ ಮನಸ್ಸು ಹಟ ಹಿಡಿಯಿತು.

ಅದಕ್ಕೆ ದಾರಿಯೂ ಕಾಣಿಸಿತು. ಥಿಯೇಟರ್ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಹುಳಿಯಾರಿನವರು. ಗಂಡನಿಗೆ ಹಾಸನಕ್ಕೆ ವರ್ಗವಾಗಿ, ಸಂಕ್ರಾಂತಿ ಕಳೆದ ಮೇಲೆ ಹೊರಡುವವರಿದ್ದರು. ಡಾಕ್ಟರು ನನ್ನನ್ನು ಕರೆದು ನೇರವಾಗಿ ಹೇಳಿದರು: “ಅಷ್ಟರೊಳಗೆ ಕಲ್ತರೆ ಈ ಜಾಗ ನಿಂದು ಕಣಮ್ಮ. ಇಲ್ದಿದ್ರೆ ತುಮಕೂರಿಂದ ಯಾರನ್ನಾದ್ರೂ ಕರೆಸ್ತೀನಿ, ನೀನು ವಾರ್ಡಿಗೆ.” ಮನೆಗೆ ಹೋದಾಗ ಥಿಯೇಟರಿನಲ್ಲಿ ಕೆಲಸ ಕಲಿಯುತ್ತಿದ್ದೇನೆ ಎಂದು ಹೆಮ್ಮೆಯಿಂದ ಹೇಳಿಕೊಂಡರೆ, ದೊಡ್ಡವ್ವ ಕೆನ್ನೆಗೆ ಕೈ ಇಟ್ಟುಕೊಂಡು, “ಇಷ್ಟ್ ದಿನ ಬಾಚಿದ್ದಾಯ್ತು, ಇನ್ನು ಥೇಟ್ರಲ್ಲಿ ಟಿಕೆಟ್ ಹರಿಯಾದಾ?” ಎಂದಳು. ಅಂಗಳವೆಲ್ಲ ನಕ್ಕಿತು. ನನಗೂ ನಗು ಬಂತು, ಆದರೆ ಅವ್ವನ ಮುಖ ನೋಡಿ ನುಂಗಿಕೊಂಡೆ.

ಹೆಸರುಗಳನ್ನು ಕಲಿಯುವುದು ಕಷ್ಟವಾಗಲಿಲ್ಲ. ರಕ್ತನಾಳ ಹಿಡಿಯುವ ಚಿಮಟ, ಗಾಯದ ಅಂಚನ್ನು ಎಳೆದು ಹಿಡಿಯುವ ಕೊಕ್ಕೆ, ಸೂಜಿ ಹಿಡಿಯುವ ಇಕ್ಕಳ, ಬಗೆಬಗೆಯ ಕತ್ತರಿಗಳು. ಊಟಕ್ಕೆ ಕೂತಾಗಲೂ ಅವುಗಳ ಇಂಗ್ಲಿಷ್ ಹೆಸರು ಗುನುಗುತ್ತಿದ್ದೆ. ಮೊದಲ ಬಾರಿಗೆ ಗ್ಲೌಸ್ ಹಾಕಿಕೊಂಡು ಟ್ರಾಲಿಯ ಪಕ್ಕ ನಿಂತದ್ದು ಒಂದು ಹರ್ನಿಯಾ ಆಪರೇಷನ್ನಿಗೆ. ಸಿಸ್ಟರ್ ನನ್ನ ಹಿಂದೆಯೇ ನಿಂತಿದ್ದರು. ಡಾಕ್ಟರು ತಲೆ ಎತ್ತದೆ ಅಂಗೈ ಚಾಚಿ “ನೈಫ್” ಎಂದರು. ನಾನು ಚಾಕುವನ್ನು ಬಹಳ ಗೌರವದಿಂದ ಎತ್ತಿ, ಅವರ ಕೈಯ ಪಕ್ಕದಲ್ಲಿ, ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟೆ.

ಕೈ ಹಾಗೇ ಚಾಚಿಕೊಂಡಿತ್ತು. ನಾನು ಕೈ ನೋಡುತ್ತಿದ್ದೆ, ಕೈ ಚಾಕುವಿಗೆ ಕಾಯುತ್ತಿತ್ತು. ಕೊನೆಗೆ ಸಿಸ್ಟರ್ ನನ್ನ ಭುಜದ ಪಕ್ಕದಿಂದ ತೋಳು ತೂರಿಸಿ ಇನ್ನೊಂದು ಚಾಕುವನ್ನು ಅವರ ಅಂಗೈಗೆ ಠಪ್ಪೆಂದು ಇಟ್ಟರು. ಕತ್ತರಿ ಕೇಳಿದಾಗಲೂ ನಾನು ಹಾಗೇ ಮಾಡಿದೆ. ಚಿಮಟ ಕೇಳಿದಾಗ ಮಾತ್ರ ನೇರವಾಗಿ ಕೈಗೇ ಕೊಟ್ಟೆ, ಅದಕ್ಕೆ ಅಲಗಿಲ್ಲವಲ್ಲ. ಟ್ರಾಲಿಯ ಮೇಲಿನ ಸಾಮಾನನ್ನೆಲ್ಲ ನಾನು ನನಗೇ ತಿಳಿಯದಂತೆ ಜಗಳ ತರುವವು, ತರದವು ಎಂದು ಎರಡು ಪಂಗಡ ಮಾಡಿಬಿಟ್ಟಿದ್ದೆ.

“ಚಾಕೂನ ಯಾಕೆ ಕೆಳಗಿಟ್ಟೆ?” ಎಂದು ಆಮೇಲೆ ಸಿಸ್ಟರ್ ಕೇಳಿದರು.

“ಕೈಗೆ ಕೊಟ್ರೆ ಜಗಳ ಆಯ್ತದೆ ಸಿಸ್ಟರ್.”

ಅವರು ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕೈ ತೊಳೆಯುತ್ತಿದ್ದ ಡಾಕ್ಟರಿಗೂ ಅದು ಕೇಳಿಸಿತು. ಅವರು ಚಿಕ್ಕನಾಯಕನಹಳ್ಳಿ ಕಡೆಯವರು. “ನಮ್ಮಮ್ಮನೂ ಹಂಗೇ ಹೇಳೋರು ಕಣಮ್ಮ. ಆದ್ರೆ ಇಲ್ಲಿ ಕೊಡದಿದ್ರೇನೇ ಜಗಳ,” ಎಂದು ಹೇಳಿ ಹೋದರು. ಈಗ ಕೆಲವು ಕಡೆ ಚಾಕುವನ್ನು ಕೈಗೆ ಕೊಡದೆ ಟ್ರೇಯಲ್ಲಿಟ್ಟು ದಾಟಿಸುವ ಪದ್ಧತಿ ಬಂದಿದೆಯಂತೆ. ನಾನು ಸ್ವಲ್ಪ ಬೇಗ ಹುಟ್ಟಿದೆ, ಅಷ್ಟೇ.

ಸಿಸ್ಟರ್ ತಾಳ್ಮೆಯಿಂದ ಹೇಳಿಕೊಟ್ಟರು. “ಅವ್ರು ತಿರುಗಿ ನೋಡಂಗಿಲ್ಲ ಕಣೇ, ಕಣ್ಣು ಗಾಯದ ಮೇಲಿರ್ತದೆ. ಬಂತು ಅಂತ ಕೈಗೆ ಗೊತ್ತಾಗ್ಬೇಕು. ಹಿಡಿಕೆ ಅವ್ರ ಕಡೆ, ಅಲಗು ಕೆಳಗೆ. ಮೆತ್ತಗೆ ಇಕ್ಕಬ್ಯಾಡ, ತಟ್ಟಿ ಇಕ್ಕು.” ತಲೆಗೆ ಎಲ್ಲವೂ ಅರ್ಥವಾಗುತ್ತಿತ್ತು. ಕೈ ಮಾತ್ರ ಚಾಕು ಹಿಡಿದ ತಕ್ಷಣ ಅವ್ವನ ಮಗಳಾಗಿಬಿಡುತ್ತಿತ್ತು. ಅರ್ಧ ದಾರಿಗೆ ಹೋಗಿ ನಿಲ್ಲುತ್ತಿತ್ತು. ಸಂಕ್ರಾಂತಿ ಹತ್ತಿರವಾಗುತ್ತಿತ್ತು. ವಾರ್ಡು ಕನಸಿನಲ್ಲಿ ಬರತೊಡಗಿತು.

ಒಂದು ಭಾನುವಾರ ಊರಿಗೆ ಹೋಗಿ ಅವ್ವನೆದುರು ಎಲ್ಲ ಹೇಳಿಕೊಂಡು ಅತ್ತೇಬಿಟ್ಟೆ. ಸಾರಿಗೆ ಹುಣಿಸೇಹಣ್ಣು ಕಿವುಚುತ್ತಿದ್ದವಳು ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದಳು.

“ಜಗಳ ಆಗಾದು ಮುಖ ಗಂಟಿಕ್ಕಂಡು ಕೊಟ್ರೆ ಕಣೇ,” ಎಂದಳು. “ನಗ್ತಾ ಕೊಡು, ಏನೂ ಆಗಾಕಿಲ್ಲ. ಹೆಂಗೂ ಮುಖಕ್ಕೆ ಬಟ್ಟೆ ಕಟ್ಟಿರ್ತೀಯ, ಯಾರ್ ನೋಡ್ತಾರೆ?”

ಇಂಥ ರಿಯಾಯಿತಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವಳು ಅದನ್ನು ಆಗಷ್ಟೇ, ಒಲೆಯ ಮುಂದೆ ಕೂತು, ನನಗೋಸ್ಕರ ಹುಟ್ಟಿಸಿದಳು ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ. ಅದನ್ನು ನೆನೆದರೆ ಇವತ್ತಿಗೂ ಅವಳ ಮೇಲೆ ಪ್ರೀತಿ ಉಕ್ಕುತ್ತದೆ.

ಅವತ್ತು ಅಡುಗೆಮನೆಯೇ ಥಿಯೇಟರಾಯಿತು. ಅವ್ವ ಒಲೆಯ ಕಡೆಯಿಂದ ಮುಖ ತಿರುಗಿಸದೆ ಕೈ ಚಾಚಿ “ಸೌಟು” ಎನ್ನುವಳು, ನಾನು ಹಲ್ಲು ಬಿಟ್ಟುಕೊಂಡು ಅವಳ ಅಂಗೈಗೆ ಸೌಟು ತಟ್ಟುವೆ. “ಇಕ್ಕಳ.” ಇಕ್ಕಳ. “ಚಾಕು.” ನನ್ನ ಕೈ ತಡೆಯಿತು. “ನಗೇ, ನಗು,” ಎಂದು ಗದರಿದಳು. ನಕ್ಕು ಕೊಟ್ಟೆ. ತೆಗೆದುಕೊಳ್ಳುವಾಗ ಅವಳೂ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು, ಆದರೆ ಕೈ ಹಿಂತೆಗೆಯಲಿಲ್ಲ. ಆಮೇಲೆ ಅವಳಿಗೆ ಆಟ ರುಚಿಸಿ, ಡಾಕ್ಟರಿಗಿಂತ ಹೆಚ್ಚು ದರ್ಪ ಮಾಡಿದಳು. ಸಾರು ತಳ ಹಿಡಿಯಿತು. ಅಪ್ಪ ಅದನ್ನೇ ಕಲಸಿಕೊಂಡು ಉಂಡ.

ಸೋಮವಾರದಿಂದ ನಾನು ಮಾಸ್ಕಿನೊಳಗೆ ನಗತೊಡಗಿದೆ. ನಗುವಿನ ಹುರುಪು ಕೈಗೂ ಇಳಿದು, ಮೊದಮೊದಲು “ನನ್ ಕೈ ಮುರಿಯಾ ಹಂಗಿದೀಯಲ್ಲಮ್ಮ” ಎಂದು ಡಾಕ್ಟರ ಹತ್ತಿರ ಅನ್ನಿಸಿಕೊಂಡೆ. ಬರಬರುತ್ತಾ ಪೆಟ್ಟು ಹದಕ್ಕೆ ಬಂತು. ಕೇಳುವ ಮೊದಲೇ ಅವರ ಬೆರಳುಗಳು ಮಡಚಿಕೊಳ್ಳುವ ರೀತಿಯಿಂದ ಕತ್ತರಿ ಬೇಕೋ ಸೂಜಿ ಬೇಕೋ ಎಂದು ಹೇಳಬಲ್ಲವಳಾದೆ. ಎಂಥ ಖುಷಿ ಅದು! ಆಪರೇಷನ್ ಇಲ್ಲದ ದಿನ ಬೇಜಾರಾಗುತ್ತಿತ್ತು, ಹಾಗೆಂದು ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ.

ಸಂಕ್ರಾಂತಿ ಕಳೆದ ವಾರ, ಸಿಸ್ಟರ್ ಹೊರಡುವ ಹಿಂದಿನ ದಿನ, ಕಂದಿಕೆರೆಯಿಂದ ಒಬ್ಬ ಬಸುರಿಯನ್ನು ಕರೆತಂದರು. ಮಗು ಅಡ್ಡ ತಿರುಗಿತ್ತು, ತಕ್ಷಣ ಸಿಸೇರಿಯನ್ ಆಗಬೇಕಿತ್ತು. ಸಿಸ್ಟರ್ ನನ್ನ ಹಿಂದೆ ಬಂದು ನಿಲ್ಲುತ್ತಾರೆಂದುಕೊಂಡಿದ್ದೆ. ಅವರು ಬಾಗಿಲ ಪಕ್ಕದ ಗೋಡೆಗೆ ಒರಗಿ ಕೈ ಕಟ್ಟಿಕೊಂಡರು. “ನೀನೇ ಮಾಡು,” ಎಂದರು.

ಡಾಕ್ಟರ ಅಂಗೈ ಮುಂದೆ ಬಂತು. ಚಾಕು ಹೋಯಿತು. ಚಿಮಟ, ಬಟ್ಟೆ, ಮತ್ತೆ ಚಿಮಟ, ಕತ್ತರಿ. ರಕ್ತ ಜಾಸ್ತಿ ಬಂದಾಗ ಡಾಕ್ಟರು ಏನೂ ಕೇಳಲಿಲ್ಲ, ಕೈ ಮಾತ್ರ ಚಾಚಿದರು, ಬೇಕಾದದ್ದು ಅಲ್ಲಿತ್ತು. ಮಗು ಹೊರಗೆ ಬಂದು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಥಿಯೇಟರೇ ಹಾರಿಹೋಗುವಂತೆ ಕಿರುಚಿತು. ಹೊಲಿಗೆ ಮುಗಿದ ಮೇಲೆ ನನಗೆ ಹೊಳೆಯಿತು, ನಾನು ಒಂದು ಸಲವೂ ನಕ್ಕಿರಲಿಲ್ಲ. ನಗಬೇಕೆಂಬುದೇ ಮರೆತುಹೋಗಿತ್ತು.

ಡಾಕ್ಟರು ಗ್ಲೌಸ್ ಕಳಚುತ್ತಾ ಸಿಸ್ಟರ್ ಕಡೆ ತಿರುಗಿದರು. “ನೀವಿನ್ನು ಹಾಸನಕ್ಕೆ ನೆಮ್ಮದಿಯಾಗಿ ಹೋಗ್ಬಹುದು ಕಣ್ರೀ,” ಎಂದರು. ಆಮೇಲೆ ನನಗೆ, “ನಾಳೆ ಎರಡು ಕೇಸಿದೆ. ಸಾಮಾನು ಕುದಿಯಕ್ಕೆ ಹಾಕೋದು ನಿನ್ ಜವಾಬ್ದಾರಿ.” ಅಷ್ಟೇ ಹೇಳಿದ್ದು. ಕಣ್ಣೀರಿಗೆ ಮಾಸ್ಕು ಪೂರ್ತಿ ಒದ್ದೆಯಾಯಿತು.

ಅವತ್ತು ಮಧ್ಯಾಹ್ನವೇ ಬಸ್ಸು ಹಿಡಿದು ಮನೆಗೆ ಹೋದೆ. ಅಂಗಳದಲ್ಲಿ ಸುಲಿಯುವ ಹೆಂಗಸರ ನಡುವೆ ಅವ್ವನೂ ದೊಡ್ಡವ್ವನೂ ಕೂತಿದ್ದರು. ಹೊಸ್ತಿಲ ತನಕವೂ ಹೋಗದೆ ನಿಂತಲ್ಲೇ ಎಲ್ಲ ಹೇಳಿದೆ: ಕಂದಿಕೆರೆಯ ಹೆಂಗಸು, ಅಡ್ಡ ತಿರುಗಿದ ಮಗು, ಡಾಕ್ಟರ ಮಾತು. ಅವ್ವ ಎಲ್ಲವನ್ನೂ ಕೇಳಿಸಿಕೊಂಡು, ಮಡಿಲ ಮೇಲಿನ ಕರಟದ ಚೂರು ಕೊಡವಿಕೊಂಡು, ದೊಡ್ಡವ್ವನ ಕಡೆ ತಿರುಗಿದಳು.

“ಕೇಳಿದ್ಯೇನಕ್ಕ? ನನ್ ಮಗಳು ಕೊಟ್ರೆ ಡಾಕ್ಟ್ರು ಕುಯ್ಯಾದು. ಕೊಡ್ಲಿಲ್ಲ ಅಂದ್ರೆ ಸುಮ್ನೆ ಕೈ ಚಾಚ್ಕಂಡು ನಿಂತಿರ್ಬೇಕು.”

ಡಾಕ್ಟರಿಗೆ ಇದು ಕೇಳಿಸಿದ್ದರೆ ಏನನ್ನುತ್ತಿದ್ದರೋ. ನಾನಂತೂ ತಿದ್ದಲು ಹೋಗಲಿಲ್ಲ.