ನನಗೆ ಕೇಳಿಸದ ಕುಂಯ್

ಗಂಗಾವತಿಯಿಂದ ಆ ಡಬ್ಬಿಯನ್ನು ನಾನು ತಂದದ್ದು ಎಂಟು ದಿನದ ಷರತ್ತಿನ ಮೇಲೆ. ಎಂಟು ದಿನ ಮನೆಯಲ್ಲಿಟ್ಟು ಕೇಳುವುದು. ಮನಸ್ಸಿಗೆ ಬಂದರೆ ಇಟ್ಟುಕೊಳ್ಳುವುದು, ಬರದಿದ್ದರೆ ಕೊಟ್ಟವರು ಮುಖ ಸಿಂಡರಿಸದೆ ವಾಪಸ್ ತೆಗೆದುಕೊಳ್ಳುವುದು. ಹಳೆಯ ಸಾಮಾನು ಕೊಳ್ಳುವ ಯಾರಿಗೇ ಆಗಲಿ ನಾನು ಹೇಳುವ ಮೊದಲ ಮಾತು ಇದು: ದರ ಇಳಿಸುವ ಮೊದಲು ಪರೀಕ್ಷಿಸಲು ನಾಲ್ಕು ದಿನ ಕೇಳಿಕೊಳ್ಳಿ. ದರವನ್ನು ನಗುನಗುತ್ತಲೇ ಇಳಿಸುವವರಿದ್ದಾರೆ. ದಿನ ಕೊಡಲು ಹಿಂದೆಮುಂದೆ ನೋಡಿದರೆ ಸಾಮಾನಿನಲ್ಲಿ ಏನೋ ಇದೆ ಅಂತಲೇ ಅರ್ಥ. ಈ ಡಬ್ಬಿ ಮಾರಿದ ಮುದುಕರು ನಾನು ಕೇಳಿದ ತಕ್ಷಣ ಎಂಟು ದಿನ ಕೊಟ್ಟರು. ನನಗೆ ಅದರ ಮೇಲೂ ಅನುಮಾನ ಬಂತು.

ಕೊಪ್ಪಳದಲ್ಲಿ ನನ್ನದು ಹಿತ್ತಾಳೆ, ತಾಮ್ರದ ಪಾತ್ರೆ ಅಂಗಡಿ. ಹೊಸದನ್ನೂ ಮಾರುತ್ತೇನೆ, ಆದರೆ ಹೊಟ್ಟೆ ತುಂಬಿಸಿದ್ದು ಹಳೆಯದು. ಸೈಕಲ್ಲಿಗೆ ಚೀಲ ಕಟ್ಟಿಕೊಂಡು ತಾವರಗೇರಾ, ಬೇವೂರು ಅಂತ ಕುಷ್ಟಗಿ, ಯಲಬುರ್ಗಾ ಕಡೆಯ ಊರುಗಳನ್ನು ಸುತ್ತಿ ಕೊಡ, ಹಂಡೆ, ಕೊಳಗ ಕೊಂಡು ತಂದು, ನಗ್ಗಿದ್ದನ್ನು ಬಡಿದು ತೆಗೆದು, ತಿಕ್ಕಿ ಹೊಳೆಯಿಸಿ ಮಾರಿ ಮೇಲೆ ಬಂದವನು ನಾನು. ಹಳೆಯ ಕೊಡದ ಮೇಲೆ ಬೆರಳ ಗೆಣ್ಣಿನಿಂದ ಒಂದು ಸಲ ಬಡಿದರೆ ನನಗೆ ಸಾಕು. ಕೂದಲೆಳೆಯಷ್ಟು ಬಿರುಕು ಇದ್ದರೂ ದನಿಯ ತುದಿಯಲ್ಲಿ ಸಣ್ಣಗೆ ಝರ್ ಅನ್ನುತ್ತದೆ. ಆ ಝರ್ ಹಿಡಿದೇ ದರ ಮುರಿಯುತ್ತಿದ್ದೆ. ಅಂಗಡಿಯ ಬಂಡವಾಳ ಏನು ಎಂದು ಯಾರಾದರೂ ಕೇಳಿದರೆ ಕಿವಿ ತೋರಿಸುತ್ತಿದ್ದೆ.

ಅದೇ ಕಿವಿ ಸಂಗೀತದ ಹುಚ್ಚನ್ನೂ ಹಚ್ಚಿತು. ಹಾಡುವವರಿಗಿಂತ ಹಿಂದೆ ಕೂತ ತಂಬೂರಿಯ ಮೇಲೆ ನನಗೆ ಆಸೆ ಹೆಚ್ಚು. ಮೊದಲು ಮೊಬೈಲಿನಲ್ಲಿ ಕೇಳುತ್ತಿದ್ದೆ. ಆಮೇಲೆ ಆಂಪ್ಲಿಫೈಯರ್, ಎರಡು ಒಳ್ಳೆಯ ಸ್ಪೀಕರ್ ಬಂದವು. ಆಗ ಗೊತ್ತಾದದ್ದು ಈ ಡ್ಯಾಕ್ ಎಂಬ ಡಬ್ಬಿ. ಮೊಬೈಲು, ಕಂಪ್ಯೂಟರಿನೊಳಗೆ ಹಾಡು ಇರುವುದು ಬರೀ ಅಂಕಿಗಳಾಗಿ. ಆ ಅಂಕಿಗಳನ್ನು ಮತ್ತೆ ದನಿಯಾಗಿ ಮಾಡುವ ಕೆಲಸ ಡ್ಯಾಕಿನದು. ಪ್ರತಿ ಮೊಬೈಲಿನಲ್ಲೂ ಕಾಳಿನಷ್ಟು ಸಣ್ಣದೊಂದು ಇದ್ದೇ ಇರುತ್ತದೆ. ಮೇಜಿನ ಮೇಲಿಡುವ ದೊಡ್ಡದು ಅದೇ ಕೆಲಸವನ್ನು ಇನ್ನೂ ಚೊಕ್ಕಾಗಿ ಮಾಡುತ್ತದಂತೆ. ಹೊಸದರ ದರ ಕೇಳಿದ ದಿನ ನಾನು ಊಟ ಅರ್ಧಕ್ಕೆ ಬಿಟ್ಟಿದ್ದೆ. ಅದಕ್ಕೇ ಹಳೆಯದನ್ನು ಹುಡುಕಿದ್ದು.

ಮಾರಿದವರು ಹಿಂದೆ ಸುತ್ತಲಿನ ಹಳ್ಳಿಗಳ ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆ ಕೊಡುತ್ತಿದ್ದ ಸಾಹೇಬರು. ಗಂಗಾವತಿಯ ಅವರ ಮನೆಗೆ ಹೋದಾಗ ಮೊದಲು ಕೇಳಿದ್ದೇ ಕಾರಣ.

"ಯಾಕ ಮಾರಾಕತ್ತೀರಿ ಚಾಚಾ?"

"ಕಿವಿ ಹೋಗ್ಯಾವ್ರಿ ಸಾವ್ಕಾರ್ರ. ಇನ್ನ ನನಗ ಇದೂ ಒಂದ, ಡಬ್ಬಾ ರೇಡಿಯೋನೂ ಒಂದ."

"ನಾ ಮಾತಾಡಿದ್ದು ಕೇಳ್ತೈತೆಲ್ಲ ಮತ್ತ?"

"ಮಾತು ಕೇಳ್ತೈತಿ. ತಂಬೂರಿ ತಂತಿ ಬಿಟ್ಟು ಹೋಗೈತಿ."

ಮಾತೇನೋ ಚೆನ್ನಾಗಿತ್ತು. ಆದರೆ ಮಾರುವವರ ಬಳಿ ಕಾರಣಕ್ಕೆ ಯಾವಾಗಲೂ ಬರ ಇರುವುದಿಲ್ಲ. 'ಮನಿ ಸಣ್ಣದಾತ್ರಿ, ಹಂಡೆ ಇಡಾಕ ಜಾಗಾ ಇಲ್ಲ' ಅಂತ ಕೊಡುತ್ತಾರೆ, ನೀರು ತುಂಬಿಸಿದರೆ ಹಂಡೆ ಸೋರುತ್ತದೆ. ನಾನು ಡಬ್ಬಿಯ ಮೇಲೆ ಬೆರಳ ಗೆಣ್ಣಿನಿಂದ ಬಡಿದೆ. ಡಬ್ ಎಂದಿತು.

"ಅದು ಕೊಡ ಅಲ್ರೀ ಸಾವ್ಕಾರ್ರ," ಎಂದು ಚಾಚಾ ನಕ್ಕರು.

ಸ್ಕ್ರೂ ಬಿಚ್ಚಿಸಿ ಒಳಗೂ ನೋಡಿದೆ. ಮುಕ್ಕಾಲು ಪಾಲು ಖಾಲಿ.

"ಖಾಲಿ ಜಾಗಾಕ್ಕೂ ರೊಕ್ಕ ಹಚ್ಚೀರೇನ್ರಿ?"

"ಒತ್ತೊತ್ತಿ ತುಂಬಿದ್ರ ಒಂದರ ಗದ್ಲ ಇನ್ನೊಂದಕ್ಕ ಹತ್ತತೈತಿ. ದೂರ ದೂರ ಇಟ್ಟದ್ದಕ್ಕ ರೊಕ್ಕ."

ಅರ್ಧ ತಾಸು ಅಲ್ಲೇ ಕೂತು ಕೇಳಿದೆ. ತಂಬೂರಿ ನನ್ನ ಎದುರಿಗೇ ಕೂತಂತಿತ್ತು. ಆ ಸಂತೋಷವನ್ನು ಮುಖದ ಮೇಲೆ ಬರಗೊಡದೆ ದರ ಮುರಿದೆ. ಕರೆಂಟಿನ ಅಡಾಪ್ಟರಿಗೆ ವೈರು ಸುತ್ತಿ ಚೀಲಕ್ಕೆ ಹಾಕಿಕೊಂಡವನೂ ನಾನೇ. ಅದನ್ನು ತಿರುಗಿಸಿ ನೋಡಲಿಲ್ಲ. ಯಾರೇ ಯಂತ್ರ ಕೊಳ್ಳಲಿ, ಹೊಟ್ಟೆ ನೋಡಿದ ಮೇಲೆ ಬಾಲವನ್ನೂ ನೋಡಿ ಎಂದು ಈಗ ಹೇಳುತ್ತೇನೆ. ಆವತ್ತು ನನಗೆ ಹೇಳುವವರು ಇರಲಿಲ್ಲ.

ಮನೆಯಲ್ಲಿ ಅದಕ್ಕೆ ಜಾಗ ಎಲ್ಲಿದೆ ಎಂದು ನೋಡಿ, ಹೆಂಡತಿಯ ಹೊಲಿಗೆ ಯಂತ್ರವನ್ನು ಮೇಜಿನಿಂದ ಕೆಳಗಿಳಿಸಿ ಮೂಲೆಗೆ ಸರಿಸಿದೆ. ಅವಳು ಹೊಲಿಯುತ್ತಿದ್ದ ಬಟ್ಟೆ ಮಡಿಚಿಟ್ಟು ಅಡುಗೆ ಮನೆಗೆ ಹೋದಳು. ಡಬ್ಬಿ ಚಾಲೂ ಮಾಡಿದೆ. ಹಾಡು ಇನ್ನೂ ಹಚ್ಚಿರಲಿಲ್ಲ. ಅಡುಗೆ ಮನೆಯಿಂದ ಕೂಗಿದಳು:

"ಏನ್ರೀ, ಅದು ಕುಂಯ್ ಅನ್ನಾಕತ್ತೈತಿ."

"ಯಾವುದು?"

"ನೀವು ತಂದದ್ದು. ಸೊಳ್ಳಿ ಕಿವ್ಯಾಗ ಹೊಕ್ಕಂಗ."

ಸ್ಪೀಕರಿಗೆ ಕಿವಿ ಹಚ್ಚಿದೆ. ಏನೂ ಇಲ್ಲ. ಮೇಜು ಹೋದ ಸಿಟ್ಟು ಹೀಗೆ ಹೊರಗೆ ಬರುತ್ತಿದೆ ಎಂದುಕೊಂಡೆ. ಎಂಟು ದಿನದೊಳಗೆ ಡಬ್ಬಿ ವಾಪಸ್ ಹೋದರೆ ಲಾಭ ಯಾರಿಗೆ? ಸುಳ್ಳನ್ನು ಹಿಡಿಯಬೇಕೆಂದರೆ ಮೊದಲು ಲಾಭ ಎಲ್ಲಿಗೆ ಹೋಗುತ್ತದೆ ನೋಡಬೇಕು.

ಪರೀಕ್ಷೆಗೆ ಇಳಿದೆ. ಅವಳನ್ನು ಗೋಡೆಯ ಕಡೆ ಮುಖ ಮಾಡಿಸಿ ನಿಲ್ಲಿಸಿ ಸ್ವಿಚ್ ಹಾಕಿ ತೆಗೆದೆ.

"ಈಗ?"

"ಐತಿ."

"ಈಗ?"

"ಇಲ್ಲ."

ಸ್ವಿಚ್ಚಿನ ಟಕ್ ಕೇಳಿ ಹೇಳುತ್ತಿದ್ದಾಳೆ ಎನಿಸಿತು. ಡಬ್ಬಿ ಹಾಕಿಟ್ಟು, ಆಮೇಲೆ ಒಮ್ಮೆ ಆರಿಸಿ ತಕ್ಷಣ ಮತ್ತೆ ಹಾಕಿ ಕೇಳಿದೆ.

"ಎರಡು ಸಲ ಒತ್ತಿದ್ರಿ. ಐತಿ, ಹಂಗ ಐತಿ."

ದೀಪ ಕಾಣಬಾರದೆಂದು ಡಬ್ಬಿಯ ಮೇಲೆ ಟವೆಲ್ ಹಾಕಿದೆ. ಅವಳನ್ನು ಅಡುಗೆ ಮನೆಗೆ ಕಳಿಸಿ ಬಾಗಿಲು ಮುಕ್ಕಾಲು ಮುಂದೆ ಮಾಡಿದೆ. ಒಂದು ಸಲವೂ ತಪ್ಪಲಿಲ್ಲ.

"ರೊಟ್ಟಿ ಬಡಿಯೂದು ಬಿಟ್ಟು ಎಷ್ಟೊತ್ತು ಸಾಕ್ಷಿ ಹೇಳ್ಲಿ?" ಎಂದು ಕೊನೆಗೆ ಸಿಟ್ಟಿಗೆದ್ದಳು. "ನಿಮಗ ಖರೇನ ಕೇಳವಲ್ದೇನು?"

"ಕೇಳ್ತೈತಿ, ಸಣ್ಣಗ," ಎಂದೆ. ಮದುವೆಯಾದಾಗಿನಿಂದ ಅವಳಿಗೆ ಹೇಳಿದ ಸುಳ್ಳುಗಳಲ್ಲಿ ಇಷ್ಟು ಬೇಗ ಬಾಯಿಗೆ ಬಂದದ್ದು ಇನ್ನೊಂದಿಲ್ಲ.

ಮೂರನೆಯ ದಿನ ನಮ್ಮ ಓಣಿಯ ಟಿ.ವಿ. ರಿಪೇರಿಯವನನ್ನು ಮನೆಗೆ ಕರೆದೆ. ಡಬ್ಬಿ ಚಾಲೂ ಇತ್ತು, ನಾನು ಅವನಿಗೆ ಏನೂ ಹೇಳಿರಲಿಲ್ಲ. ಚಪ್ಪಲಿ ಬಿಡುತ್ತಲೇ, "ಏನೋ ಕುಂಯ್ ಅಂತೈತಲ್ರೀ ಮಾಮಾ" ಎಂದ. ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. ಅವನು ಅಡಾಪ್ಟರ್ ಎತ್ತಿ ತಿರುಗಿಸಿದ.

"ಡಬ್ಬಿ ಒಂದೂರದು, ಇದು ಇನ್ನೊಂದೂರದು. ಕಂಪನಿದು ಸುಟ್ಟು ಹೋಗಿರಬೇಕ್ರಿ, ಯಾರೋ ಸಸ್ತಾದ್ದು ಹಾಕ್ಯಾರ. ಕುಂಯ್ ಇದರದ. ಟ್ರಾನ್ಸ್‌ಫಾರ್ಮರ್ ಹಾಕಿ ಬ್ಯಾರೇದ್ದು ಕಟ್ಟಿ ಕೊಡ್ತೀನಿ, ನಿಂದರ್ತೈತಿ."

ಹಾಗಾದರೆ ಚಾಚಾಗೆ ಗೊತ್ತಿತ್ತು! ಎಂಟು ದಿನ ಅಷ್ಟು ಸಲೀಸಾಗಿ ಕೊಟ್ಟಾಗಲೇ ನಾನು ತಿಳಿಯಬೇಕಿತ್ತು. ಮರುದಿನ ಬೆಳಿಗ್ಗೆಯೇ ಗಂಗಾವತಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಡಾಪ್ಟರನ್ನು ಅವರ ಮುಂದಿಟ್ಟು ಕೇಳಿದೆ:

"ಇದು ಕಂಪನಿದಲ್ಲ ಅಂತ ಯಾಕ ಹೇಳಲಿಲ್ಲ ಚಾಚಾ?"

"ಕಂಪನಿದು ಸಿಡಿಲು ಬಿದ್ದಾಗ ಸುಟ್ಟಿತ್ರಿ. ಇದನ್ನ ಮುಚ್ಚಿಟ್ಟಿಲ್ಲ, ನಿಮ್ಮ ಕೈಯಾಗ ಕೊಟ್ಟೀನಿ."

"ಕುಂಯ್ ಅಂತೈತಿ ಅಂತ ಹೇಳಬೇಕಿತ್ತೋ ಇಲ್ಲೋ?"

"ನನಗ ಕೇಳೂದಿಲ್ಲ. ಕೇಳದ್ದನ್ನ ಐಬು ಅಂತ ಹೆಂಗ ಹೇಳ್ಲಿ?"

ಚಹಾ ತಂದ ಚಾಚಿ ನಡುವೆ ಬಾಯಿ ಹಾಕಿದರು. "ನಾ ಹೇಳಿ ಹೇಳಿ ಸಾಕಾಗೇತ್ರಿ ಭಾಯಿ. ಇವರು ನನಗ ಭ್ರಮಿ ಅಂತಾರ. ನೀವು ಅವತ್ತು ಕೂತು ಕೇಳಾಕತ್ತಾಗೂ ಅದು ಒದರಾಕತ್ತಿತ್ತು."

"ಮತ್ತ ಅವತ್ತ ಹೇಳಬಾರದಾಗಿತ್ತೇನ್ರಿ ಚಾಚಿ?"

"ದೊಡ್ಡ ದೊಡ್ಡ ತಿಳಿದ ಮಂದಿ ಮಶೀನ್ ಬಿಚ್ಚಿ ನೋಡಾಕತ್ತಿದ್ರಿ. ನಾ ಯಾಕ ನಡುವ ಬರ್ಲಿ?"

ಚಾಚಾ ನನ್ನ ಮುಖ ನೋಡಿದರು. "ನಿಮಗ ಕೇಳ್ತೇನ್ರಿ ಸಾವ್ಕಾರ್ರ?"

ನಾನು ಚಹಾ ಕುಡಿದೆ. ಅವರು ಅಡಾಪ್ಟರನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. "ಹಂಗಾರ ನಿಮ್ಮವೂ ನನ್ನ ದಾರಿ ಹಿಡದಾವ. ಒಮ್ಮೆ ಡಾಕ್ಟರಿಗೆ ತೋರಸ್ರಿ. ನಾ ತಡಾ ಮಾಡಿದೆ."

ಇದು ಮಾರುವವರ ಹಳೆಯ ವರಸೆ ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಐಬನ್ನು ಸಾಮಾನಿನಿಂದ ಎತ್ತಿ ಗಿರಾಕಿಯ ಮೇಲೆ ಹಾಕುವುದು. ಅದು ನನಗೆ ಗೊತ್ತಿರುವುದು ಹೇಗೆ ಅಂದರೆ ನಾನೂ ಹಾಗೆ ಮಾಡಿದ್ದೇನೆ. ಆ ವರ್ಷವೇ ಬೇವೂರಿನ ಹೆಣ್ಣುಮಗಳೊಬ್ಬಳು ಕೊಡ ಸೋರುತ್ತದೆಂದು ವಾಪಸ್ ತಂದಿದ್ದಳು. ಅವಳ ಎದುರಿಗೇ ಬಡಿದು ಕೇಳಿದೆ. ದನಿ ಗಟ್ಟಿಯಾಗಿತ್ತು. 'ನೀವ ಎತ್ತಿ ಹಾಕೀರಿ, ನನ್ನ ಕಡಿಂದ ಹೋದಾಗ ಛಲೋ ಇತ್ತು' ಎಂದು ನಾಲ್ಕು ಜನರ ಮುಂದೆ ಹೇಳಿ ಕಳಿಸಿದ್ದೆ. ಅವಳು ಕೊಡವನ್ನು ಬಗಲಿಗೆ ಇಟ್ಟುಕೊಂಡು ಸುಮ್ಮನೆ ಹೋಗಿದ್ದಳು.

ಅಂಗಡಿಗೆ ಬಂದವನೇ ಇದ್ದಬದ್ದ ಹಳೆಯ ಪಾತ್ರೆಯನ್ನೆಲ್ಲ ಬಡಿದು ನೋಡಿದೆ. ಎಲ್ಲವೂ ಗಟ್ಟಿ ಎನಿಸಿತು. ಹೆದರಿಕೆ ಶುರುವಾದದ್ದು ಆಗ. ಹಳೆಯ ಪಾತ್ರೆಗಳ ರಾಶಿಯಲ್ಲಿ ಒಂದಾದರೂ ಝರ್ ಅನ್ನಬೇಕು.

ಆರನೆಯ ದಿನ ಹೆಂಡತಿಗೆ ಹೇಳದೆ ಕಿವಿ ಆಸ್ಪತ್ರೆಗೆ ಹೋದೆ. ಸಣ್ಣ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಗಾಜಿನ ಆಚೆ ಯಂತ್ರದ ಮುಂದೆ ಒಬ್ಬ ಹುಡುಗಿ. "ದನಿ ಕೇಳಿದಾಗೆಲ್ಲ ಕೈ ಎತ್ರಿ ಅಂಕಲ್" ಎಂದಳು. ಮೊದಮೊದಲು ಚೆನ್ನಾಗಿಯೇ ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಅವಳ ಭುಜ ನೋಡಿದೆ. ಗುಂಡಿ ಒತ್ತುವಾಗ ಬಲಭುಜ ಒಂದಿಷ್ಟು ಮುಂದೆ ಬರುತ್ತಿತ್ತು. ಅದನ್ನು ನೋಡಿ ಕೈ ಎತ್ತತೊಡಗಿದೆ. ವ್ಯಾಪಾರದಲ್ಲಿ ಎದುರಿನವರ ಬಾಯಿಗಿಂತ ಭುಜವನ್ನು ನಂಬಬೇಕು ಎಂದು ನಾನು ಎಷ್ಟು ಜನಕ್ಕೆ ಹೇಳಿಕೊಟ್ಟಿಲ್ಲ!

ಹುಡುಗಿ ಎದ್ದು ಬಂದು ನನ್ನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು.

"ಅಂಕಲ್, ಇದು ವ್ಯಾಪಾರ ಅಲ್ರಿ. ಇಲ್ಲಿ ನೀವು ಗೆದ್ರ ನಿಮಗ ಲುಕ್ಸಾನು."

ಗೋಡೆಯನ್ನು ನೋಡುತ್ತ ಕೂತೆ. ಅದು ಮೌನವೋ, ನನಗೆ ಮಾತ್ರ ಮೌನವೋ ತಿಳಿಯಲಿಲ್ಲ. ಕೈ ತೊಡೆಯ ಮೇಲೇ ಉಳಿಯಿತು. ಆಮೇಲೆ ಕಾಗದದ ಮೇಲೆ ಗೆರೆ ತೋರಿಸಿದಳು. ನಡುವಿನ ತನಕ ಸರಿಯಾಗಿ ಹೋಗಿ, ತೆಳ್ಳನೆಯ ದನಿಗಳ ಕಡೆ ಬಂದಾಗ ಬಾವಿಗೆ ಇಳಿದಂತೆ ಇಳಿದಿತ್ತು. ಎರಡೂ ಕಿವಿಯದು ಹಾಗೆಯೇ.

"ಮಶೀನ್ ಬರೋಬ್ಬರಿ ಐತೇನವಾ? ನೀ ಒಂದ್ಸಲ ಹಾಕ್ಕೊಂಡು ನೋಡು" ಎಂದೆ. ಪಾಪ, ಹಾಕಿಕೊಂಡು ಗುಂಡಿ ಒತ್ತಿ, ಹೂಂ ಎಂದು ತಲೆ ಆಡಿಸಿದಳು. ಡಾಕ್ಟರು ಉದ್ಯೋಗ ಕೇಳಿದರು. ಪಾತ್ರೆ ಬಡಿಯುವುದು ಎಂದೆ. ಅವರು ಮುಂದೆ ಕೇಳಲಿಲ್ಲ, ಬರೆದುಕೊಂಡರು. ನಗ್ಗು ತೆಗೆಯುವಾಗ ಕಿವಿಗೆ ಹತ್ತಿಯನ್ನೂ ಇಟ್ಟುಕೊಂಡವನಲ್ಲ ನಾನು. ಈ ಕಸುಬಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಕಿವಿಗೆ ಹಾಕುವ ಬಿರಡೆಯನ್ನು ಇವತ್ತೇ ತಂದುಕೊಳ್ಳಿ. ಅದರ ದರ ಮುರಿಯಲು ಹೋಗಬೇಡಿ.

ಮರುದಿನ ಹೆಂಡತಿಯನ್ನು ಅಂಗಡಿಗೆ ಕರೆದುಕೊಂಡು ಹೋಗಿ ಕಾಗದ ತೋರಿಸಿದೆ. ಅವಳು ಗೆರೆಯನ್ನು ನೋಡಿ ಮಡಿಚಿ ಕೊಟ್ಟಳು. "ಹಂಗಾರ ಅವತ್ತು ಸಣ್ಣಗ ಕೇಳ್ತೈತಿ ಅಂದದ್ದು?" ಎಂದಳು. ಉತ್ತರಕ್ಕೆ ಕಾಯಲಿಲ್ಲ. ಕೂತು ಒಂದೊಂದೇ ಕೊಡ ಬಡಿದು, ಝರ್ ಅಂದ ಏಳನ್ನು ಬದಿಗೆ ಇಟ್ಟಳು. ಅನುಮಾನ ಬಂದು ಅವಕ್ಕೆ ನೀರು ತುಂಬಿಸಿ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಏಳರ ಕೆಳಗೂ ನೆಲ ಒದ್ದೆಯಾಗಿತ್ತು. ಬೇವೂರಿನ ಆ ಹೆಣ್ಣುಮಗಳ ಹೆಸರು ನನಗೆ ಗೊತ್ತಿಲ್ಲ, ಮನೆ ಗೊತ್ತಿಲ್ಲ. ಎರಡು ಸಲ ಹೋಗಿ ವಿಚಾರಿಸಿದ್ದೇನೆ. ಇನ್ನೂ ಸಿಕ್ಕಿಲ್ಲ.

ಎಂಟನೆಯ ದಿನ ಸಂಜೆಗೆ ಸ್ವಲ್ಪ ಮುಂಚೆ ರಿಪೇರಿಯವನು ಟ್ರಾನ್ಸ್‌ಫಾರ್ಮರ್ ಹಾಕಿದ ಭಾರದ ಹೊಸ ಅಡಾಪ್ಟರೊಂದನ್ನು ಕಟ್ಟಿ ತಂದು ಜೋಡಿಸಿ ಹೋದ. ನನಗೆ ಮೊದಲೂ ಮೌನ, ಈಗಲೂ ಮೌನ.

"ಹೆಂಗೈತಿ?" ಎಂದು ಹೆಂಡತಿಯನ್ನು ಕೇಳಿದೆ.

ಅವಳು ಸ್ಪೀಕರಿನ ಹತ್ತಿರ ಬಂದು ನಿಂತಳು. "ನಿಂತೈತಿ."

"ಖರೇನ?"

"ಖರೇ."

ಹಾಡು ಹಚ್ಚಿದೆ. ತಂಬೂರಿ ಇತ್ತು, ನನಗೆ ಎಷ್ಟು ಉಳಿದಿದೆಯೋ ಅಷ್ಟು. ಅವಳ ಮಾತನ್ನು ಪರೀಕ್ಷಿಸುವ ದಾರಿ ಒಂದೂ ನನ್ನ ಬಳಿ ಇರಲಿಲ್ಲ. ಆಮೇಲೆ ಹೊಳೆಯಿತು: ಅವಳಿಗೆ ಮೇಜು ವಾಪಸ್ ಬೇಕಿದ್ದರೆ 'ಇನ್ನೂ ಐತಿ' ಎಂಬ ಒಂದು ಮಾತು ಸಾಕಿತ್ತು. ಡಬ್ಬಿ ನಾಳೆ ಬಸ್ಸಿನಲ್ಲಿರುತ್ತಿತ್ತು. ತನ್ನ ಲಾಭದ ವಿರುದ್ಧ ಸಾಕ್ಷಿ ಹೇಳುವವರನ್ನು ನಂಬಬಹುದು ಎಂಬುದು ನನ್ನದೇ ಲೆಕ್ಕ. ಚಾಚಾಗೆ ಫೋನ್ ಹಚ್ಚಿದೆ.

"ಇಟ್ಕೋತೀನ್ರಿ ಚಾಚಾ. ಅಡಾಪ್ಟರ್ ಖರ್ಚು ದರದಾಗ ಮುರಕೋತೀನಿ."

"ಮುರಕೋರ್ರಿ. ಕುಂಯ್ ನಿಂತೈತೇನು?"

"ನಿಂತೈತಿ."

"ನಿಮಗ ಹೆಂಗ ಗೊತ್ತಾತು?"

"ನಮ್ಮಾಕಿ ಹೇಳ್ಯಾಳ."

ಆ ಕಡೆ ಚಾಚಾ ನನ್ನ ಮಾತನ್ನು ಚಾಚಿಗೆ ಹೇಳಿದರು. ಆಮೇಲೆ, "ಫೋನ್ ಅವರ ಕಡೆ ಕೊಡ್ರಿ, ನಮ್ಮಾಕಿ ಮಾತಾಡ್ತಾಳಂತ" ಎಂದರು.

ಕೊಟ್ಟೆ. ಹೆಂಡತಿ ಫೋನ್ ಹಿಡಿದು ಅಡುಗೆ ಮನೆಗೆ ನಡೆದಳು. ಮುಖ ಕಂಡು ಪರಿಚಯವಿಲ್ಲದ ಇಬ್ಬರು ಹೆಂಗಸರು ಅಷ್ಟೊಂದು ಹೊತ್ತು ಏನು ಮಾತಾಡಬಹುದು? ತಂಬೂರಿಯ ದನಿ ಸಣ್ಣಗೆ ಮಾಡಿ ಆಲಿಸಿದೆ. ನಗು ಕೇಳಿಸಿತು, ಮಾತು ತಿಳಿಯಲಿಲ್ಲ.

"ಏನಂದ್ರು?" ಎಂದೆ, ಫೋನ್ ವಾಪಸ್ ಬಂದಾಗ.

"ಏನಿಲ್ಲ," ಎಂದಳು. "ನೀವು ಹಾಡು ಕೇಳ್ರಿ."