ಕಿರುಬೆರಳಿನ ಸ್ವರ

ಮೊನ್ನೆ ಉಡುಪಿ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಸ್ಟೀಲ್ ಲೋಟದ ತುಂಬ ಚಾ ತಂದಿಟ್ಟರು. ಅವಸರದಲ್ಲಿ ಎತ್ತಿದೆ. ಬೆರಳು ಚುರುಕ್ಕೆಂದಿತು, ಲೋಟ ಕೆಳಗಿಟ್ಟು ಕೈಯನ್ನು ಸೆರಗಿಗೆ ಒತ್ತಿಕೊಂಡೆ. ಎದುರು ಕೂತವರು ನಕ್ಕರು. ನನಗೆ ನಗು ಬರಲಿಲ್ಲ. ಅಂಥದೇ ಲೋಟವನ್ನು ಎಡಗೈಯ ಕೊನೆಯ ಎರಡು ಬೆರಳುಗಳ ಮೇಲೆ ಕೂರಿಸಿಕೊಂಡು, ಹಬೆಯಾಡುವ ಚಾ ಕುಡಿಯುತ್ತ ಹರಟುತ್ತಿದ್ದ ಒಬ್ಬರು ನೆನಪಾದರು... ನಮ್ಮ ಆರ್ಕೆಸ್ಟ್ರಾದ ಗಿಟಾರ್ ಮಾಷ್ಟ್ರು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಶಾಲೆಯ ಟೀಚರು. ಮನೆ ಉಡುಪಿಯ ಕಡಿಯಾಳಿಯಲ್ಲಿ. ಮಕ್ಕಳಿಗೆ ಪಾಠ ಹೇಳುವುದು ಹೊಟ್ಟೆಪಾಡು, ರಜೆಯಲ್ಲಿ ಆರ್ಕೆಸ್ಟ್ರಾದಲ್ಲಿ ಹಾಡುವುದು ಹುಚ್ಚು. ಮಾಷ್ಟ್ರು ಉದ್ಯಾವರದ ಕೊಂಕಣಿ ಕ್ರೈಸ್ತರು, ನನಗಿಂತ ಬಹಳ ದೊಡ್ಡವರು. ಮದುವೆಯಾಗಿರಲಿಲ್ಲ, ಬೇರೆ ಉದ್ಯೋಗವೂ ಇರಲಿಲ್ಲ. ಆ ಗಿಟಾರ್ ಒಂದೇ ಅವರ ಸಂಸಾರ.

ಕಾರ್ಯಕ್ರಮದ ನಡುವೆ ಅವರೊಬ್ಬರೇ ನುಡಿಸುವ ಹಾಡುಗಳ ಮಾಲೆಯೊಂದಿತ್ತು. ನಾವು ಅದನ್ನು ಮಿಕ್ಸ್ಚರ್ ಎಂದು ಕರೆದು ಅವರನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆವು. ಇಗರ್ಜಿಯ ಕೀರ್ತನೆಯಿಂದ ಶುರು. ಅಲ್ಲಿಂದ ಹಿಂದಿ ಸಿನಿಮಾ ಹಾಡು, ಮಣಿಪಾಲದ ಹಾಸ್ಟೆಲ್ ಹುಡುಗರು ಕುರ್ಚಿ ಹತ್ತಿ ಕುಣಿಯುವ ಇಂಗ್ಲಿಷ್ ರಾಕ್, ಮೆತ್ತಗೆ ಒಂದು ಕನ್ನಡ ಭಾವಗೀತೆ, ಮದುವೆಮನೆಯಲ್ಲಿ ಕುಣಿಸುವ ಕೊಂಕಣಿ ಬಾಯ್ಲಾ ಹಾಡು... ಒಂದೊಂದಕ್ಕೂ ಕೈ ಬೇರೆ, ಮೀಟು ಬೇರೆ. ಕೊನೆಗೆ ಬೆರಳುಗಳು ತಂತಿಯ ಮೇಲೆ ಓಡಿ ಓಡಿ ಏರಿ, ತುತ್ತತುದಿಯಲ್ಲಿ ಒಂದೇ ಒಂದು ಸ್ವರ. ಅದನ್ನು ಅವರು ಕಿರುಬೆರಳು ಚಾಚಿ ಮುಟ್ಟುತ್ತಿದ್ದರು. ಆಮೇಲೆ ಚಪ್ಪಾಳೆ.

ಗಿಟಾರ್ ಕಲಿಯುವವರ ಎಡಗೈ ಬೆರಳು ಮೊದಮೊದಲು ಕೊಯ್ದಂತಾಗುತ್ತದೆ, ಬರಬರುತ್ತ ತುದಿ ಜಡ್ಡುಗಟ್ಟುತ್ತದೆ. ಅದು ಅವರಲ್ಲಿ ದೊಡ್ಡಸ್ತಿಕೆಯ ವಿಷಯ. ಬಿಸಿ ಲೋಟ ಹಿಡಿದಾಗಲೆಲ್ಲ ಮಾಷ್ಟ್ರು ಹೇಳುತ್ತಿದ್ದರು, "ಇದು ತಂತಿ ತಿಂದ ಕೈ ಟೀಚರೇ, ಇದಕ್ಕೆ ಬಿಸಿಯೂ ಇಲ್ಲ, ತಂಪೂ ಇಲ್ಲ." ನಾವೆಲ್ಲ ಭೇಷ್ ಎನ್ನುತ್ತಿದ್ದೆವು. ಕೀಬೋರ್ಡಿನ ಹುಡುಗ ತಾನೂ ಹಿಡಿಯಲು ಹೋಗಿ ಚಾ ಚೆಲ್ಲಿಕೊಂಡಿದ್ದ.

ಕಾಪುವಿನ ಯುವಕ ಮಂಡಲದ ಕಾರ್ಯಕ್ರಮದಲ್ಲಿ ಮೊದಲ ಸಲ ಆ ಸ್ವರ ಬರಲಿಲ್ಲ. ಏರಿ ಬಂದವರು ತುದಿಯ ಒಂದು ಮೆಟ್ಟಿಲು ಕೆಳಗೇ ನಿಂತುಬಿಟ್ಟರು. ಜನರಿಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ನನಗೆ ಗೊತ್ತಾಯಿತು, ವೇದಿಕೆ ಇಳಿದ ಮೇಲೆ ಕೇಳಿದೆ.

"ಎಂತ ಮಾಷ್ಟ್ರೇ, ಮೇಲಿನದನ್ನು ಬಿಟ್ಟಿರಲ್ಲ?"

"ಕಡಲಿನ ಗಾಳಿ ಮಾರಾಯ್ರೇ, ತಂತಿಗೆ ತುಕ್ಕು ಹಿಡಿದುಂಟು."

ತಂತಿ ಹೊಸತೆಂದು ನನಗೆ ಗೊತ್ತಿತ್ತು. ಅಂದಿನಿಂದ ನಾನು ಹಾಡುವಾಗಲೂ ನನ್ನ ಕಣ್ಣು ಅವರ ಎಡಗೈಯ ಮೇಲೆಯೇ. ಕಿರುಬೆರಳು ಸುಮ್ಮನಿದ್ದಾಗಲೂ ಒಳಕ್ಕೆ ಬಾಗಿರುತ್ತಿತ್ತು. ಒಮ್ಮೆ ಅದರ ಮೇಲೆ ಗುಳ್ಳೆ ಎದ್ದಿತ್ತು, ಕೇಳಿದರೆ ಯಾವಾಗ ಎದ್ದಿತೆಂದು ಅವರಿಗೇ ಗೊತ್ತಿಲ್ಲ.

ಅದೇ ದಿನಗಳಲ್ಲಿ ನಮ್ಮ ಶಾಲೆಗೆ ಕುಷ್ಠರೋಗದ ತಪಾಸಣೆಯವರು ಬಂದರು. ಮೈಮೇಲೆ ಬಿಳಚಿದ ಮಚ್ಚೆ ಇದ್ದ ಮಕ್ಕಳ ಕಣ್ಣು ಮುಚ್ಚಿಸಿ, ಪೆನ್ನಿನ ತುದಿಯಿಂದ ಮುಟ್ಟಿ, ಎಲ್ಲಿ ಮುಟ್ಟಿದೆ ತೋರಿಸು ಎನ್ನುತ್ತಿದ್ದರು. ಆರಂಭದಲ್ಲೇ ಚಿಕಿತ್ಸೆಗೆ ಬಂದರೆ ಏನೂ ಹೆದರಬೇಕಾಗಿಲ್ಲ, ತಡವಾದರೆ ನರ ಸಾಯುತ್ತದೆ, ಬೆರಳು ಮಡಚುತ್ತದೆ ಎಂದು ಟೀಚರುಗಳಿಗೂ ವಿವರಿಸಿದರು. ಕೇಳುತ್ತ ಕೇಳುತ್ತ ಮಾಷ್ಟ್ರ ಬಾಗಿದ ಕಿರುಬೆರಳು ನನ್ನ ಕಣ್ಣ ಮುಂದೆ ಬಂತು.

ಆದರೂ ಇಂಥದ್ದನ್ನು ಯಾರ ಮುಖಕ್ಕೆ ಹೇಳುವುದು? ಆ ಹೆಸರು ಕಿವಿಗೆ ಬಿದ್ದರೆ ಜನ ಕೂತ ಬೆಂಚಿನಿಂದ ಏಳುತ್ತಿದ್ದ ಕಾಲ. ನನ್ನ ಅನುಮಾನ ಸುಳ್ಳಾದರೆ ಮಾಷ್ಟ್ರ ಮಾನ ಹೋಗುತ್ತದೆ. ನಿಜವಾದರೆ ಕೈಯೇ ಹೋಗುತ್ತದೆ.

ಕಾರ್ಕಳದ ಕಾರ್ಯಕ್ರಮದ ದಿನ ಅವರು ತಂತಿ ಬದಲಿಸುತ್ತಿದ್ದರು. ತಂತಿಯ ತುದಿ ಕಿರುಬೆರಳಿಗೆ ಹೊಕ್ಕು ರಕ್ತ ಇಳಿದು ಗಿಟಾರಿನ ಮೇಲೆ ಹನಿಯುತ್ತಿತ್ತು. ಅವರು ತಲೆಯೆತ್ತದೆ ತಂತಿ ಬಿಗಿಯುವ ತಿರುಪು ತಿರುಗಿಸುತ್ತ ಶ್ರುತಿ ನೋಡುತ್ತಿದ್ದರು. ನಾನು ಇನ್ನು ತಡೆಯಲಾರದೆ ವೇದಿಕೆಯ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದೆ.

"ಮಾಷ್ಟ್ರೇ, ಕಣ್ಣು ಮುಚ್ಚಿ. ನಾನು ಮುಟ್ಟಿದ ಬೆರಳು ಯಾವುದು ಹೇಳಬೇಕು."

"ಮಕ್ಕಳಾಟವಾ?" ಎಂದು ನಗುತ್ತಲೇ ಮುಚ್ಚಿದರು. ತೋರುಬೆರಳು ಮುಟ್ಟಿದೆ, ಸರಿ ಹೇಳಿದರು. ನಡುಬೆರಳು, ಅದೂ ಸರಿ. ತಲೆಯ ಹೇರ್‌ಪಿನ್ ತೆಗೆದು ಕಿರುಬೆರಳಿಗೆ ತಾಗಿಸಿದೆ. ಒತ್ತಿದೆ. ಇನ್ನೂ ಒತ್ತಿದೆ, ಚರ್ಮ ಒಳಕ್ಕೆ ಹೋಗುವವರೆಗೆ.

"ಮುಟ್ಟಿ ಟೀಚರೇ," ಎಂದರು ಮಾಷ್ಟ್ರು, "ಎಂತಕ್ಕೆ ಕಾಯ್ತೀರಿ?"

ಅವರು ಕಣ್ಣು ತೆರೆದರು. ಬೆರಳಿನ ಮೇಲಿದ್ದ ಪಿನ್ನು ನೋಡಿದರು, ನನ್ನ ಮುಖ ನೋಡಿದರು. ಹೊರಗೆ ಮೈಕಿನಲ್ಲಿ ಅವರ ಮಾಲೆಯ ಘೋಷಣೆಯಾಗುತ್ತಿತ್ತು.

"ಯಾರಿಗೂ ಹೇಳಬೇಡಿ," ಎಂದವರೇ ಎದ್ದು ಹೋಗಿ ನುಡಿಸಿದರು. ಕಿರುಬೆರಳನ್ನು ಅಂಗೈಗೆ ಮಡಚಿಕೊಂಡು ಉಳಿದ ಬೆರಳುಗಳಲ್ಲೇ ಎಲ್ಲ ಹಾಡುಗಳನ್ನೂ ದಾಟಿದರು. ನಾನು ಪರದೆಯ ಹಿಂದೆ ನಿಂತು ಸೆರಗು ಕಚ್ಚಿಕೊಂಡು ಅತ್ತೆ.

ಮರುದಿನವೇ ಮಣಿಪಾಲದ ಆಸ್ಪತ್ರೆಗೆ ಹೋದೆವು. ಮೊಣಕೈಯ ಹಿಂದೆ, ಅವರ ಕಣ್ಣಿಗೆಂದೂ ಬೀಳದ ಜಾಗದಲ್ಲಿ, ಬಿಳಚಿದ ಮಚ್ಚೆಯಿತ್ತು. ರೋಗ ಮಾತ್ರೆಯಿಂದ ಗುಣವಾಗುತ್ತದೆ ಎಂದರು ಡಾಕ್ಟರು. "ಈ ಬೆರಳು ಪುನಃ ಏಳ್ತದಾ ಡಾಕ್ಟರೇ?" ಮಾಷ್ಟ್ರು ಕೇಳಿದ್ದು ಅದೊಂದೇ. ಡಾಕ್ಟರು ಆ ಬೆರಳನ್ನು ಬಿಡಿಸಿ ನೋಡಿ, ಬಹಳ ತಡವಾಗಿದೆ ಎಂದರು. ನೋವು ಎಂಬುದೊಂದು ಇದ್ದಿದ್ದರೆ ಅವರು ಎಂದೋ ಅಲ್ಲಿಗೆ ಹೋಗುತ್ತಿದ್ದರು...

ರೋಗ ಪೂರ್ತಿ ಗುಣವಾಯಿತು. ಆರ್ಕೆಸ್ಟ್ರಾಕ್ಕೆ ಅವರು ಮತ್ತೆ ಬರಲಿಲ್ಲ. ಎಂಬತ್ತರ ದಶಕದಲ್ಲಿ ಉದ್ಯಾವರದ ಮನೆಯ ಜಗಲಿಯಲ್ಲಿ ಮಕ್ಕಳಿಗೆ ಗಿಟಾರ್ ಕಲಿಸುತ್ತಿದ್ದರು. ಒಮ್ಮೆ ನಾನು ಹೋದಾಗ ಪುಟ್ಟ ಹುಡುಗಿಯೊಬ್ಬಳು ಬೆರಳು ಉರಿಯುತ್ತದೆಂದು ಅಳುತ್ತಿದ್ದಳು. ಮಾಷ್ಟ್ರು ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿದು, "ಇಲ್ಲಿ ನೋವುಂಟಾ? ಇಲ್ಲಿ?" ಎಂದು ಕೇಳುತ್ತಿದ್ದರು. ಕಿರುಬೆರಳಿಗೆ ಬಂದಾಗ ಅವಳು ಜೋರಾಗಿ ಹೌದೆಂದಳು.

"ದೇವರು ದೊಡ್ಡವನು," ಎಂದರು. "ಇನ್ನು ನುಡಿಸು ಮಗಾ."

ಮಾಷ್ಟ್ರು ತೀರಿಹೋಗಿ ವರ್ಷಗಳಾದವು. ಅವರ ಮಾಲೆಯದ್ದೊಂದು ಕ್ಯಾಸೆಟ್ ನನ್ನಲ್ಲಿದೆ, ಆ ಕಾರ್ಕಳದ ದಿನ ಯಾರೋ ರೆಕಾರ್ಡ್ ಮಾಡಿದ್ದು. ಕೇಳಿದವರೆಲ್ಲ ಎಂಥ ಬೆರಳಪ್ಪಾ ಎನ್ನುತ್ತಾರೆ. ತುದಿಯ ಸ್ವರ ಅದರಲ್ಲಿಲ್ಲ. ಅದನ್ನು ಕೇಳಿದ ನೆನಪಿರುವವರಲ್ಲಿ ಈಗ ಉಳಿದಿರುವುದು ನಾನೊಬ್ಬಳೇ ಇರಬೇಕು. ನನಗೂ ಇತ್ತೀಚೆಗೆ ನೆನಪಿನಲ್ಲಿ ಅದು ಸರಿಯಾಗಿ ಕೇಳಿಸುತ್ತಿಲ್ಲ.